ಓದದೆ ಬಿಟ್ಟ ಎರಡು ಸಾಲು

ಕಳೆದ ಚಳಿಗಾಲದಲ್ಲಿ ಸಹನಾ ಎಂಬ ಹುಡುಗಿ ದೆಹಲಿಯ ದ್ವಾರಕಾದ ನಮ್ಮ ಮನೆಗೆ ಬಂದಿದ್ದಳು. ಶಿವಮೊಗ್ಗದ ಕಡೆಯವಳು. ನಾನು ಮೂವತ್ತೈದು ವರ್ಷ ದುಡಿದು ನಿವೃತ್ತಳಾದ ಸರ್ಕಾರಿ ಸಮೀಕ್ಷೆಯ ಕಚೇರಿಗೇ ಹೊಸದಾಗಿ ಸೇರಿದ್ದಾಳೆ. ಮುನಿರ್ಕಾದಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಕೋಣೆ ಹಿಡಿದಿದ್ದಾಳೆ. ಯಾರೋ ನನ್ನ ಹೆಸರು ಹೇಳಿದರಂತೆ, ಮೆಟ್ರೋ ಹತ್ತಿ ಬಂದುಬಿಟ್ಟಳು.

"ಮೇಡಂ, ಟ್ರೈನಿಂಗಲ್ಲಿ ಎಲ್ಲಾ ಹೇಳಿಕೊಟ್ರು. ಆದ್ರೆ ಈ ಕೆಲಸ ನಿಜವಾಗಿ ಹೇಗಿರುತ್ತೆ ಅಂತ ಯಾರೂ ಹೇಳ್ಲಿಲ್ಲ" ಎಂದಳು.

ನನಗೆ ಅಷ್ಟೇ ಸಾಕಾಗಿತ್ತು. ಎರಡು ಗಂಟೆ ಮಾತಾಡಿದೆ. ಮನೆಮನೆಗೆ ಹೋಗಿ ಜನ ಏನು ಉಣ್ಣುತ್ತಾರೆ, ಏನು ದುಡಿಯುತ್ತಾರೆ, ಯಾರಿಗೆ ಯಾವ ಕಾಯಿಲೆ ಎಂದು ಕೇಳಿ ಬರೆದುಕೊಳ್ಳುವ ಕೆಲಸ ನಮ್ಮದು. ನಾಯಿ ಕಚ್ಚಿದ್ದು, ಬಾಗಿಲು ಮುಖದ ಮೇಲೆ ಬಡಿದದ್ದು, ಗ್ಯಾಸ್ ಏಜೆನ್ಸಿಯವಳೆಂದು ತಿಳಿದು ನನ್ನ ಮುಂದೆ ಖಾಲಿ ಸಿಲಿಂಡರು ತಂದಿಟ್ಟದ್ದು, ಎಲ್ಲ ಹೇಳಿದೆ. ಅವಳು ನಕ್ಕೂ ನಕ್ಕೂ ಸುಸ್ತಾದಳು. ಹೊರಡುವಾಗ ಲಿಫ್ಟಿನ ಮುಂದೆ ನಿಂತು ಕೇಳಿದಳು:

"ಆಗ ನಿಮ್ಮ ಮಗಳು ಚಿಕ್ಕವಳಲ್ವಾ ಮೇಡಂ? ತಿಂಗಳಲ್ಲಿ ಇಪ್ಪತ್ತು ದಿನ ಹೊರಗೆ ತಿರುಗಿಕೊಂಡು ಮನೆ ಹೇಗೆ ನಿಭಾಯಿಸಿದ್ರಿ?"

"ಹೇಗೋ ಆಯ್ತಮ್ಮ" ಎಂದೆ.

ಲಿಫ್ಟಿನ ಬಾಗಿಲು ಮುಚ್ಚಿತು. ಒಳಗೆ ಬಂದು ಕುಳಿತರೆ ನನ್ನ ಉತ್ತರ ನನಗೇ ಕಹಿಯಾಯಿತು. ಹೇಗೋ ಆಗಿರಲಿಲ್ಲ. ನನ್ನ ಅಜ್ಜಿ ಹಾಲಮ್ಮ ಮಾಡಿದ್ದಳು. ಎರಡು ಗಂಟೆಯಲ್ಲಿ ಅವಳ ಹೆಸರು ಒಮ್ಮೆಯೂ ನನ್ನ ಬಾಯಿಂದ ಬಂದಿರಲಿಲ್ಲ. ಆದ್ದರಿಂದ ಸಹನಾಗೆ ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಸೇರುವ ಬೇರೆ ಹುಡುಗಿಯರೂ ಓದಲಿ.

ಮೊದಲು ಕೆಲಸದ ಮಾತು. ನಾವು ಸೇರಿದಾಗ ಈಗಿನ ಹಾಗೆ ಟ್ಯಾಬ್ಲೆಟ್ ಇರಲಿಲ್ಲ. ಹಾಸಿಗೆಯ ಚಾದರದಷ್ಟು ಅಗಲದ ಫಾರಂಗಳು, ಪೆನ್ಸಿಲ್, ರಬ್ಬರು, ಹೆಗಲಿಗೊಂದು ಕ್ಯಾನ್ವಾಸ್ ಚೀಲ. ಮನೆಯವರು ಹೇಳಿದ್ದಕ್ಕೆಲ್ಲ ಒಂದೊಂದು ಸಂಕೇತ ಸಂಖ್ಯೆ. ಅದನ್ನು ಚೌಕದೊಳಗೆ ಬರೆಯಬೇಕು. ಚೌಕದಿಂದ ಹೊರಗೆ ಹೋದರೆ ನಮ್ಮ ಮೇಲ್ವಿಚಾರಕ ಭಟ್ನಾಗರ್ ಸಾಹೇಬರು ಫಾರಂ ಎತ್ತಿ ಹಿಡಿದು, "ಗಿರಿಜಾಜೀ, ಇದು ಅಂಕಿಯೋ ಇರುವೆಯೋ?" ಎಂದು ಎಲ್ಲರ ಮುಂದೆ ಕೇಳುತ್ತಿದ್ದರು.

ನನ್ನ ಮೊದಲ ದೊಡ್ಡ ತಪ್ಪು ಮುಖರ್ಜಿ ನಗರದಲ್ಲಿ ಆಯಿತು. ನಮ್ಮ ನಿಯಮದಲ್ಲಿ ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ಅಲ್ಲೊಂದು ಮನೆಯ ಮೂರು ಮಹಡಿಗಳಲ್ಲಿ ಪರೀಕ್ಷೆಗೆ ಓದುವ ಹದಿನಾಲ್ಕು ಹುಡುಗರಿದ್ದರು. ಊಟ ಎಲ್ಲಿ ಎಂದು ಕೇಳಿದರೆ ಎಲ್ಲರೂ ಒಬ್ಬಳೇ ಆಂಟಿಯ ಡಬ್ಬಿ ಎಂದರು. ನಾನು ಹದಿನಾಲ್ಕೂ ಜನರನ್ನು ಒಂದೇ ಕುಟುಂಬವಾಗಿ ಬರೆದು, ಎಲ್ಲರಿಗಿಂತ ದೊಡ್ಡವನಾದ ಇಪ್ಪತ್ತಾರು ವರ್ಷದ ಬಿಹಾರದ ಹುಡುಗನನ್ನು ಮನೆಯ ಯಜಮಾನ ಮಾಡಿದೆ. ಭಟ್ನಾಗರ್ ಸಾಹೇಬರು ಓದಿ, ಕನ್ನಡಕ ತೆಗೆದು, "ವಾಹ್! ಈ ವಯಸ್ಸಿಗೆ ಹದಿಮೂರು ಮಕ್ಕಳು!" ಎಂದರು. ದುಡ್ಡು ಕೊಟ್ಟು ಡಬ್ಬಿ ತರಿಸಿ ಉಣ್ಣುವವರು ಒಬ್ಬೊಬ್ಬರೂ ಬೇರೆ ಬೇರೆ ಕುಟುಂಬವಂತೆ. ಮರುದಿನ ಮತ್ತೆ ಹೋಗಿ ಹದಿನಾಲ್ಕು ಫಾರಂ ತುಂಬಿದೆ. ನೀವೂ ಇಂಥ ತಪ್ಪು ಮಾಡುತ್ತೀರಿ. ಅದಕ್ಕೆ ಹೆದರಬೇಡಿ. ತಪ್ಪಾದ ಫಾರಂ ಅನ್ನು ಮತ್ತೆ ಹೋಗಿ ಸರಿ ಮಾಡಬಹುದು.

ಈಗ ಅಜ್ಜಿಯ ಮಾತು.

ಹಾಲಮ್ಮ ನನ್ನ ತಾಯಿಯ ತಾಯಿ. ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ದಾರ ಸುತ್ತುವ ಖಾತೆಯಲ್ಲಿ ಕೆಲಸಕ್ಕಿದ್ದಳು. ಗಂಡ ಸತ್ತ ಮೇಲೆ ಸೇರಿದವಳು. ನನಗೆ ಮೂರು ವರ್ಷವಾಗಿದ್ದಾಗ ನನ್ನ ತಾಯಿ ಕಾಮಾಲೆಯಲ್ಲಿ ತೀರಿಕೊಂಡಳು. ಅಪ್ಪ ಇನ್ನೊಂದು ಮದುವೆಯಾಗಿ ಬೇರೆ ಊರಿಗೆ ಹೋದರು. ಅಜ್ಜಿ ನನ್ನನ್ನು ಸೊಂಟದ ಮೇಲೆ ಹೊತ್ತು ಗಿರಣಿಗೆ ಹೋಗುತ್ತಿದ್ದಳು. ಅಲ್ಲಿ ಕೂಸುಗಳನ್ನು ಬಿಡಲು ಒಂದು ಕೋಣೆ ಇತ್ತು. ಅವಳಿಗೆ ಎರಡನೆಯ ಪಾಳಿ ಬಂದ ವಾರ ಆ ಕೋಣೆ ಮುಚ್ಚಿರುತ್ತಿದ್ದುದರಿಂದ ನಾನು ಪಕ್ಕದ ಓಣಿಯಲ್ಲಿದ್ದ ಅವಳ ತಂಗಿ ರುದ್ರಮ್ಮನ ಮನೆಯಲ್ಲಿರುತ್ತಿದ್ದೆ. ಈ ಚಿಕ್ಕಜ್ಜಿ ತನ್ನ ಮಗಳು ಶಾಂತಾಗೂ ನನಗೂ ಒಂದೇ ತಟ್ಟೆಯಲ್ಲಿ ಕಲಸಿ ತುತ್ತು ಕೊಡುತ್ತಿದ್ದಳು. ಅಜ್ಜಿಯೂ ಅವಳೂ ಅಕ್ಕ ತಂಗಿ ಇಬ್ಬರೇ. ಬೇರೆ ಒಡಹುಟ್ಟಿದವರಿಲ್ಲ. ಅವರಿಬ್ಬರ ನಡುವೆ ನಾನು ಬೆಳೆದೆ.

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ನನ್ನನ್ನು ಮಾತ್ರ ಡಿಗ್ರಿಯವರೆಗೆ ಓದಿಸಿದಳು. ನನಗೆ ದೆಹಲಿಯಲ್ಲಿ ಕೆಲಸ ಸಿಕ್ಕು, ಅಲ್ಲೇ ಇನ್ನೊಂದು ಕಚೇರಿಯಲ್ಲಿದ್ದ ಮಹೇಶರನ್ನು ಮದುವೆಯಾಗಿ, ಮಗಳು ಅನಿತಾ ಹುಟ್ಟಿದಾಗ ಬಾಣಂತನಕ್ಕೆಂದು ಅಜ್ಜಿ ಬಂದಳು. ಅರವತ್ತು ದಾಟಿ ಆರೇಳು ವರ್ಷವಾಗಿತ್ತು. ಮೂರು ತಿಂಗಳಿಗೆ ಬಂದವಳು ಹದಿನೈದು ವರ್ಷ ಉಳಿದಳು. ಉಳಿ ಎಂದು ನಾನು ಬಾಯಿಬಿಟ್ಟು ಕೇಳಿದ ನೆನಪಿಲ್ಲ. ಹೆರಿಗೆ ರಜೆ ಮುಗಿದ ದಿನ ಚೀಲ ಹೆಗಲಿಗೆ ಹಾಕಿದೆ, ಅಜ್ಜಿ ಕೂಸನ್ನು ಕೈಗೆ ತೆಗೆದುಕೊಂಡಳು. ಅಷ್ಟೇ.

ಮುನಿರ್ಕಾದ ಹತ್ತಿರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಅಜ್ಜಿ ಬೆಳಿಗ್ಗೆ ಐದಕ್ಕೆ ಏಳುತ್ತಿದ್ದಳು, ಏಕೆಂದರೆ ನೀರು ಐದೂವರೆಗೆ ಬಂದು ಏಳಕ್ಕೆ ನಿಲ್ಲುತ್ತಿತ್ತು. ನೀರು ಹಿಡಿದು, ಹಾಲಿನ ಬೂತಿಗೆ ಹೋಗಿ ಬಂದು, ನಮ್ಮಿಬ್ಬರ ಡಬ್ಬಿ ಕಟ್ಟಿ, ಅನಿತಾಳನ್ನು ಎಬ್ಬಿಸಿ ಸ್ನಾನ ಮಾಡಿಸಿ ಶಾಲೆಯ ಬಸ್ಸಿಗೆ ಬಿಡುತ್ತಿದ್ದಳು. ಬಂದು ಬಟ್ಟೆ ಒಗೆಯುತ್ತಿದ್ದಳು. ತಳ್ಳುಗಾಡಿಯ ತರಕಾರಿ ಭಯ್ಯಾನಿಂದ ಹಿಂದಿ ಕಲಿತಳು, ಆರು ತಿಂಗಳಲ್ಲಿ ಅವನೊಡನೆ ಜಗಳವಾಡುವಷ್ಟು. ಮಧ್ಯಾಹ್ನ ಅನಿತಾ ಬಂದ ಮೇಲೆ ಅವಳ ಜೊತೆ ಪಕ್ಕದ ಮನೆಯ ಎರಡು ಮಕ್ಕಳೂ ಅಜ್ಜಿಯ ರೊಟ್ಟಿಗೆ ಬಂದು ಕೂರುತ್ತಿದ್ದವು. ಆ ಮಕ್ಕಳ ತಾಯಿ ನಮ್ಮ ಮನೆಯ ಅಜ್ಜಿಯನ್ನು ಕಂಡರೆ ಕಾಲು ಮುಟ್ಟುತ್ತಿದ್ದಳು. ನಾನು ಸಂಜೆ ಏಳಕ್ಕೆ ಬಂದು ಚಪ್ಪಲಿ ಬಿಟ್ಟು ಕುಳಿತರೆ ಬಿಸಿ ಚಹಾ ಬರುತ್ತಿತ್ತು. ಅಡುಗೆಮನೆಯಲ್ಲಿ ಒಲೆ ಎಲ್ಲಿದೆ ಎಂಬುದು ನನಗೆ ಮರೆತುಹೋಗುವಂತಿತ್ತು ಎಂದು ಮಹೇಶ ತಮಾಷೆ ಮಾಡುತ್ತಿದ್ದರು. ಆಗ ನಾನೂ ನಗುತ್ತಿದ್ದೆ.

ನಾನು ಕಚೇರಿಯಲ್ಲಿ ಹೆಸರು ಮಾಡಿದ್ದು ಒಂದು ವಿಷಯಕ್ಕೆ. ಅದು ಕೂಡ ಅಜ್ಜಿಯದು.

ಹೆಂಗಸರ ಕೆಲಸ ಬರೆದುಕೊಳ್ಳುವುದು ನಮಗೆಲ್ಲ ದೊಡ್ಡ ತಲೆನೋವಾಗಿತ್ತು. ಮುನಿರ್ಕಾದ ಹಳೆಯ ಭಾಗದಲ್ಲಿ ಒಬ್ಬ ಮುದುಕಿ ಎಮ್ಮೆಯ ಕೆಚ್ಚಲು ಹಿಡಿದುಕೊಂಡೇ, "ನಾನೇನು ಕೆಲಸ ಮಾಡ್ತೀನಿ ಬೇಟಿ? ಕುಛ್ ನಹೀಂ" ಎಂದಿದ್ದಳು. ಅದನ್ನು ಮನೆಯಲ್ಲಿ ಬಂದು ತಮಾಷೆಯಾಗಿ ಹೇಳಿದೆ. ಅಜ್ಜಿ ನಗಲಿಲ್ಲ. ಕಾಳು ಹಸನು ಮಾಡುತ್ತ ಕುಳಿತಿದ್ದವಳು ತಲೆ ಎತ್ತಿ ಹೇಳಿದಳು:

"ನೀನು ಕೇಳಾದೇ ಸರಿಯಿಲ್ಲ. ಏನ್ ಕೆಲಸ ಮಾಡ್ತಿ ಅಂದ್ರೆ ಹೆಣ್ಮಕ್ಳು ಏನಿಲ್ಲ ಅಂತಾನೇ ಅಂತಾರೆ. ನಿನ್ನೆ ಬೆಳಿಗ್ಗೆ ಎದ್ದು ಮೊದ್ಲು ಏನ್ ಮಾಡ್ದೆ ಅಂತ ಕೇಳು. ಆಮ್ಯಾಲೆ ಏನ್ ಮಾಡ್ದೆ ಅನ್ನು. ಮಲಗಾ ತನಕ ಹಂಗೇ ಕೇಳ್ಕೊಂತ ಹೋಗು. ಯಜಮಾನ್ರ ಎದುರಿಗೆ ಕೇಳಬ್ಯಾಡ. ಒಳಗೆ ಹೋಗಿ ಆಕಿ ಕೆಲಸ ಮಾಡೋ ಜಾಗದಾಗೆ ಕುಂತು ಕೇಳು."

ಮರುದಿನ ಹಾಗೆಯೇ ಮಾಡಿದೆ. ಆ ಮುದುಕಿಯ ಮನೆಗೇ ಮತ್ತೆ ಹೋಗಿ ಕೊಟ್ಟಿಗೆಯಲ್ಲಿ ಕುಳಿತು ಕೇಳಿದೆ. ಹಾಲು ಕರೆದು ಎಂಟು ಮನೆಗೆ ಹಾಕುವುದು, ಬೆರಣಿ ತಟ್ಟಿ ಮಾರುವುದು, ಮೇಲಿನ ಕೋಣೆಗಳ ಬಾಡಿಗೆ ಹುಡುಗರಿಗೆ ನೀರು ಏರಿಸುವುದು, ಮೊಮ್ಮಗನ ಅಂಗಡಿಯಲ್ಲಿ ಕೂರುವುದು, ಎಲ್ಲ ಹೊರಬಂತು. ಫಾರಂ ಸಾಲದೆ ಹಿಂಬದಿಯಲ್ಲಿ ಬರೆದೆ. ಭಟ್ನಾಗರ್ ಸಾಹೇಬರು ಓದಿ, ಮೊದಲ ಸಲ ತಮಾಷೆ ಮಾಡಲಿಲ್ಲ. ಮುಂದಿನ ತರಬೇತಿಯಲ್ಲಿ ನನ್ನನ್ನು ಎಲ್ಲರೆದುರು ನಿಲ್ಲಿಸಿದರು. "ಗಿರಿಜಾಜೀ, ಈ ವಿಧಾನ ಹೇಗೆ ಹೊಳೆಯಿತು, ಹೇಳಿ" ಎಂದರು.

"ಅನುಭವದಿಂದ ಸರ್" ಎಂದೆ.

ಯಾಕೆ ಹಾಗೆಂದೆ? ಅಕ್ಷರ ಬಾರದ ಗಿರಣಿಯ ಹೆಂಗಸು ಹೇಳಿಕೊಟ್ಟಳು ಎಂದರೆ ನನ್ನ ಡಿಗ್ರಿಗೆ ಕುಂದು ಎನಿಸಿತು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಹೊಸಬರಿಗೆ ಆ ಪಾಠ ಮಾಡಿದೆ. ಸಹನಾಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದರಲ್ಲಿ ಅದೂ ಇದ್ದಿರಬಹುದು. ಅದು ಹಾಲಮ್ಮನದು, ನನ್ನದಲ್ಲ.

ಇನ್ನೊಂದು ಸಲ ನಮ್ಮ ಕ್ವಾರ್ಟರ್ಸೇ ಸಮೀಕ್ಷೆಗೆ ಬಂತು. ನಮ್ಮ ಮನೆಯನ್ನು ನಾವೇ ಬರೆಯುವಂತಿಲ್ಲ, ಆದ್ದರಿಂದ ಒಬ್ಬ ಸಹೋದ್ಯೋಗಿ ಬಂದ. ಭಾನುವಾರ ಬೆಳಿಗ್ಗೆ. ಅಜ್ಜಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ನಮ್ಮ ಮಾತಿನ ಮಧ್ಯೆ ಕೇಳಿಸುತ್ತಲೇ ಇತ್ತು. "ಮಾತಾಜೀ ಏನು ಮಾಡ್ತಾರೆ?" ಎಂದು ಅವನು ಹಿಂದಿಯಲ್ಲಿ ಕೇಳಿದ.

"ಕುಛ್ ನಹೀಂ. ಘರ್ ಪೆ ಹೀ ರಹತೀ ಹೈಂ" ಎಂದೆ, ತಡವರಿಸದೆ. ಸುಮ್ಮನೆ ಮನೆಯಲ್ಲೇ ಇರುತ್ತಾರೆ ಎಂದು.

ಅವನು ಹೋದ ಮೇಲೆ ಅಜ್ಜಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು.

"ಕುಛ್ ನಹೀಂ ಅಂದ್ರೆ ಏನೂ ಇಲ್ಲ ಅಂತಲ್ಲನೇ?"

"ಅದು ಫಾರಂನಲ್ಲಿ ಹಾಗೆ ಬರೀತಾರೆ ಅಜ್ಜಿ. ಅದಕ್ಕೊಂದು ಕೋಡ್ ಇರುತ್ತೆ."

"ಹೌದಾ" ಎಂದು ಒಳಗೆ ಹೋದಳು. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ನನಗೆ ಆಗ ಒಂದಿಷ್ಟು ಮುಜುಗರವಾಯಿತು, ಊಟದ ಹೊತ್ತಿಗೆ ಮರೆತೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಇದಾದ ಎರಡು ವರ್ಷಕ್ಕೆ ಚಿಕ್ಕಜ್ಜಿ ರುದ್ರಮ್ಮನಿಗೆ ಕಾಯಿಲೆಯಾಯಿತು. ಅವಳು ಆಗ ಹರಿಹರದಲ್ಲಿ ಮಗಳು ಶಾಂತಕ್ಕನ ಮನೆಯಲ್ಲಿದ್ದಳು. ಹೊಟ್ಟೆ ನೋವು ಎಂದು ಶಾಂತಕ್ಕನ ಪತ್ರ ಬಂತು. ಅವರ ಮನೆಯಲ್ಲಿ ಫೋನಿರಲಿಲ್ಲ. ಬಂದ ಪತ್ರವನ್ನೆಲ್ಲ ನಾನೇ ಅಜ್ಜಿಗೆ ಓದಿ ಹೇಳಬೇಕು. ಎರಡು ಸಲ ಓದಿಸುತ್ತಿದ್ದಳು, ಎರಡನೆಯ ಸಲ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು.

ಆ ಪತ್ರ ಕೇಳಿದ ಮೇಲೆ ಅಜ್ಜಿ ಅಂದಳು:

"ಗಿರಿಜಾ, ನಾನೊಂದು ತಿಂಗಳು ಊರಿಗೆ ಹೋಗಿ ಬರ್ಲೇನು?"

ಹಿಂದೆ ಎರಡು ಸಲ ಊರಿಗೆ ಹೋಗಿದ್ದಳು, ನಮ್ಮ ಜೊತೆಯಲ್ಲೇ, ನಮ್ಮ ರಜೆಯಲ್ಲೇ. ಒಬ್ಬಳೇ ಹೋಗುತ್ತೇನೆಂದು ಕೇಳಿದ್ದು ಅದೇ ಮೊದಲು.

"ಈಗ ಬೇಡ ಅಜ್ಜಿ. ನನ್ನ ಈ ಸುತ್ತಿನ ಕೆಲಸ ಮುಗೀಲಿ. ಇನ್ನು ಎರಡೇ ತಿಂಗಳು."

"ಗಿರಣ್ಯಾಗೆ ಚೀಟಿ ಬರ್ಸಿ ಕೊಟ್ರೆ ನಾಕು ದಿನ ಬಿಡ್ತಿದ್ರು" ಎಂದು ನಕ್ಕಳು. "ಇಲ್ಲಿ ಯಾರಿಗೆ ಚೀಟಿ ಕೊಡಾದು?"

ನಾನೂ ನಕ್ಕೆ. ಮಹೇಶ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ಅಜ್ಜಿ ಆಚೆ ಹೋದ ಮೇಲೆ ಅವರು ಹೇಳಿದರು: "ಕಳಿಸೋಣ ಕಣೇ. ನಾನು ಹದಿನೈದು ದಿನ ರಜೆ ಹಾಕ್ತೀನಿ. ಆಮೇಲೆ ನೀನು ಸ್ವಲ್ಪ ದಿನ ಹಾಕು. ಅನಿತಾಗೆ ಏಳು ವರ್ಷ ಆಯ್ತು, ಎಳೆ ಕೂಸಲ್ಲ."

"ನಿಮಗೆ ಅವಳ ತಿಂಡಿ ಮಾಡೋಕೆ ಬರುತ್ತಾ? ಜಡೆ ಹಾಕೋಕೆ ಬರುತ್ತಾ?" ಎಂದು ರೇಗಿದೆ. ಅವರು ಪೇಪರ್ ಮಡಿಸಿ ಎದ್ದು ಹೋದರು.

ಆ ಸುತ್ತಿನಲ್ಲಿ ಭಟ್ನಾಗರ್ ಸಾಹೇಬರು ನನಗೆ ಇಡೀ ದಕ್ಷಿಣ ದೆಹಲಿಯ ತಂಡವನ್ನು ವಹಿಸಿದ್ದರು. ಹೆಂಗಸೊಬ್ಬಳಿಗೆ ತಂಡ ಕೊಟ್ಟದ್ದು ನಮ್ಮ ಕಚೇರಿಯಲ್ಲಿ ಅದೇ ಮೊದಲು. ಕೆಲವರು ಅಡ್ಡ ಮಾತಾಡಿದ್ದರು. ಒಂದು ದಿನ ತಪ್ಪಿಸಿದರೂ ನಗುತ್ತಾರೆ ಎಂಬ ಭಯ ನನಗಿತ್ತು. ಆದರೆ ನಿಜ ಹೇಳಬೇಕೆಂದರೆ ಭಯಕ್ಕಿಂತ ಅಭ್ಯಾಸ ದೊಡ್ಡದಾಗಿತ್ತು. ಸಂಜೆ ಏಳಕ್ಕೆ ಬಂದರೆ ಚಹಾ, ಮಗುವಿನ ಹೋಮ್‌ವರ್ಕ್ ಮುಗಿದಿರುವುದು, ಮಡಿಸಿಟ್ಟ ಬಟ್ಟೆ. ಅದಿಲ್ಲದ ಒಂದು ತಿಂಗಳನ್ನು ನೆನೆಸಿಕೊಳ್ಳಲೂ ನನಗೆ ಬೇಸರವಾಗುತ್ತಿತ್ತು.

ಮೂರು ವಾರದ ಮೇಲೆ ಇನ್ನೊಂದು ಪತ್ರ ಬಂತು. ಶನಿವಾರ ಮಧ್ಯಾಹ್ನ, ನಾನು ಊಟ ಮಾಡುತ್ತಿದ್ದೆ. ಅಜ್ಜಿ ಅದನ್ನು ಒಡೆಯದೆ ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು. ಕೈ ತೊಳೆದು ಬಂದು ಬಿಡಿಸಿದೆ. ಶಾಂತಕ್ಕನ ದುಂಡಗಿನ ಅಕ್ಷರ. ಮೊದಲು ನನ್ನ ಪಾಡಿಗೆ ಕಣ್ಣಾಡಿಸಿದೆ. ಅದರಲ್ಲಿ ಇದ್ದದ್ದು ಇಷ್ಟು: ಅವ್ವನಿಗೆ ನೋವು ಹೆಚ್ಚಾಗಿದೆ. ಅನ್ನ ಸೇರುತ್ತಿಲ್ಲ. ಇನ್ನು ಬಹಳ ದಿನ ಇಲ್ಲವೆಂದು ಡಾಕ್ಟರು ಹೇಳಿದ್ದಾರೆ. ಹಾಲಕ್ಕನನ್ನು ಒಂದು ಸಲ ನೋಡಬೇಕು ಎಂದು ದಿನವೂ ಕೇಳುತ್ತಾಳೆ, ದೊಡ್ಡವ್ವಾ, ಹೇಗಾದರೂ ಮಾಡಿ ಬೇಗ ಬಾ.

ಅಜ್ಜಿ ನೆಲದ ಮೇಲೆ ಕುಳಿತು ನನ್ನ ಬಾಯನ್ನೇ ನೋಡುತ್ತಿದ್ದಳು.

"ಅವ್ವನಿಗೆ ನೋವು ಇದೆ" ಎಂದು ಓದಿದೆ. "ಅನ್ನ ಅಷ್ಟಾಗಿ ಸೇರುತ್ತಿಲ್ಲ. ಡಾಕ್ಟರು ಔಷಧಿ ಕೊಟ್ಟಿದ್ದಾರೆ. ನಿನ್ನನ್ನು ದಿನವೂ ನೆನೆಸಿಕೊಳ್ಳುತ್ತಾಳೆ. ಅನುಕೂಲವಾದಾಗ ಬಾ."

ಡಾಕ್ಟರರ ಮಾತಿನ ಸಾಲನ್ನೂ ಬೇಗ ಬಾ ಎಂಬ ಸಾಲನ್ನೂ ಓದಲಿಲ್ಲ.

ಜನ ಹೇಳಿದ್ದನ್ನು ಒಂದು ಅಕ್ಷರವೂ ಬದಲಿಸದೆ ಬರೆಯಿರಿ ಎಂದು ನೂರಾರು ಜನರಿಗೆ ಪಾಠ ಮಾಡಿದವಳು ನಾನು. ಮನೆಗಳೊಳಗೆ ಹೋಗದೆ ಮುನಿರ್ಕಾದ ಮೆಟ್ಟಿಲ ಮೇಲೆ ಕುಳಿತು ಮನಸ್ಸಿಗೆ ಬಂದಂತೆ ಫಾರಂ ತುಂಬಿದ ಒಬ್ಬ ಹುಡುಗನನ್ನು ಅದೇ ತಿಂಗಳು ಎಲ್ಲರೆದುರು ಬೈದು ಮನೆಗೆ ಕಳಿಸಿದ್ದೆ.

"ಇನ್ನೊಂದ್ಸಲ ಓದು" ಎಂದಳು ಅಜ್ಜಿ.

ಇನ್ನೊಂದು ಸಲ ಹಾಗೆಯೇ ಓದಿದೆ. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ. ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿ, "ಆಯ್ತು. ನಿನ್ನ ಕೆಲಸ ಮುಗೀಲಿ" ಎಂದು ಎದ್ದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಫೋನಿಗೆ ಕರೆ ಬಂತು. ರುದ್ರಮ್ಮ ತೀರಿಕೊಂಡಿದ್ದಳು. ಹೆಣ ಇಡುವಂತಿರಲಿಲ್ಲ, ಮಣ್ಣು ಮಾಡಿಯೇ ತಿಳಿಸಿದ್ದರು.

ಆಗ ಕಚೇರಿಗೆ ಹೋಗಿ ಸಾಹೇಬರ ಮುಂದೆ ನಿಂತೆ. ಒಂದು ಮಾತೂ ಕೇಳದೆ ಹತ್ತು ದಿನದ ರಜೆಗೆ ಸಹಿ ಹಾಕಿದರು. "ಮೊದಲೇ ಹೇಳಬಾರದಿತ್ತೇ, ಅಜ್ಜಿಯ ತಂಗಿಗೆ ಹುಷಾರಿಲ್ಲ ಅಂತ? ನಿಮ್ಮ ತಂಡವನ್ನು ನಾನೇ ನೋಡಿಕೊಳ್ತಿದ್ದೆ" ಎಂದರು. ನಾನು ಅವರನ್ನು ಕೇಳಿಯೇ ಇರಲಿಲ್ಲ.

ಅನಿತಾಳನ್ನು ಮಹೇಶರ ಬಳಿ ಬಿಟ್ಟು ನಾವಿಬ್ಬರೂ ರೈಲು ಹತ್ತಿದೆವು. ಎರಡು ದಿನದ ದಾರಿಯಲ್ಲಿ ಅಜ್ಜಿ ಕಿಟಕಿಯ ಪಕ್ಕ ಕುಳಿತಿದ್ದಳು. ಅಳಲಿಲ್ಲ. ಎದುರಿನ ಸೀಟಿನ ಹೆಂಗಸಿನ ಮಗು ಅತ್ತಾಗ ಎತ್ತಿಕೊಂಡು ಓಡಾಡಿಸಿದಳು. ಅವಳ ಕೈ ಯಾವತ್ತೂ ಖಾಲಿ ಕೂತದ್ದಿಲ್ಲ.

ಹರಿಹರದಲ್ಲಿ ಶಾಂತಕ್ಕ ಬಾಗಿಲಲ್ಲೇ ಅಜ್ಜಿಯನ್ನು ತಬ್ಬಿಕೊಂಡು ಅತ್ತಳು. ಒಳಗೆ ಕುಳಿತ ಮೇಲೆ, ನಾಲ್ಕು ಜನ ನೆಂಟರ ಎದುರಿಗೆ, ಅವಳ ದುಃಖ ಸಿಟ್ಟಾಯಿತು.

"ಕೊನೇ ವಾರ ಬಾಗಿಲ ಕಡೆ ಮುಖ ಮಾಡಿ ಮಲಗಿಸು ಅಂತಿದ್ಲು ದೊಡ್ಡವ್ವ. ಯಾರ ಹೆಜ್ಜೆ ಸಪ್ಪಳ ಆದ್ರೂ ಹಾಲಕ್ಕ ಬಂದ್ಲಾ ಅನ್ನೋಳು. ನಾನು ಪತ್ರದಾಗೆ ಅಷ್ಟು ಬಿಡಿಸಿ ಬರೆದಿದ್ನಲ್ಲ, ಡಾಕ್ಟರು ದಿನ ಇಲ್ಲ ಅಂದಾರೆ, ಹೆಂಗಾರ ಬಾ ಅಂತ. ಓದ್ಲಿಲ್ಲೇನು ನಿಂಗೆ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಜ್ಜಿಯ ದನಿ ಕೇಳಿತು:

"ಓದಿದ್ಲವ್ವಾ. ಎರಡು ಸಲ ಓದಿದ್ಲು. ಹೋಗು ಅಂತಾನೂ ಅಂದ್ಲು. ನಂಗೇ ಜ್ವರ ಬಂದು ಮಲಗಿದ್ದೆ, ಬರಾಕಾಗ್ಲಿಲ್ಲ."

ಶಾಂತಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಅಯ್ಯೋ, ನಿಂಗೂ ಹುಷಾರಿರಲಿಲ್ಲೇನು" ಎಂದು ಅಜ್ಜಿಯ ಹಣೆ ಮುಟ್ಟಿ ನೋಡಿದಳು. ಆಮೇಲೆ ನನಗೆ, "ಪಾಪ, ನೀನೂ ಎಷ್ಟು ಅಂತ ಮಾಡ್ತಿ ಗಿರಿಜಾ, ಕೆಲಸ, ಮಗು, ಈ ಮುದುಕಿ" ಎಂದಳು.

ದೆಹಲಿಗೆ ಮರಳಿದಾಗ ಬಾಗಿಲು ತೆರೆದ ಅನಿತಾ ಕುಣಿಯುತ್ತ ಹೇಳಿದಳು: "ಅಜ್ಜೀ, ಪಾಪಾ ರೋಜ್ ಖಿಚಡಿ ಮಾಡಿದ್ರು! ಜಡೆ ಭೀ ಪಾಪಾನೇ ಹಾಕಿದ್ರು, ದೇಖೋ!" ಜಡೆ ಸೊಟ್ಟಗಿತ್ತು. ಮಗು ಚೆನ್ನಾಗಿಯೇ ಇತ್ತು. ಮನೆ ಹತ್ತು ದಿನ ನಡೆದಿತ್ತು. ಅಜ್ಜಿ ಆ ಜಡೆಯನ್ನು ಮುಟ್ಟಿ, "ಚಂದ ಹಾಕಾರೆ" ಎಂದು, ಸೀರೆ ಬದಲಿಸಿ ನೇರ ಅಡುಗೆಮನೆಗೆ ಹೋದಳು. ಮಹೇಶ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆ ಸುತ್ತಿನ ಕೆಲಸ ಚೆನ್ನಾಗಿ ಮುಗಿದು ನನ್ನ ತಂಡಕ್ಕೆ ಹೊಗಳಿಕೆ ಬಂತು. ಆಮೇಲೆ ನಾನೇನೇನಾದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಜ್ಜಿ ಮತ್ತೆಂದೂ ಊರಿಗೆ ಹೋಗುತ್ತೇನೆ ಎನ್ನಲಿಲ್ಲ. ಪತ್ರಗಳು ಬಂದರೆ ಮೊದಲಿನ ಹಾಗೆ ನನಗೇ ತಂದುಕೊಡುತ್ತಿದ್ದಳು. ಒಂದೇ ಸಲ ಓದಿಸುತ್ತಿದ್ದಳು.

ಸಹನಾ, ನೀನು ಈ ಕೆಲಸದಲ್ಲಿ ಬಹಳ ಮನೆಗಳ ಒಳಗೆ ಹೋಗುತ್ತೀಯ. ಟ್ಯಾಬ್ಲೆಟ್ಟಿನಲ್ಲಿ ಒಂದು ಕಾಲಂ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲವಂತೆ, ಒಳ್ಳೆಯದು. ನಿನ್ನ ಮನೆಯಲ್ಲಿ ಅಂಥ ತಡೆ ಯಾವುದೂ ಇರುವುದಿಲ್ಲ. ನಾಳೆ ನಿನಗೂ ಮಗುವಾದರೆ ಯಾರೋ ಒಬ್ಬರು ಅದನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಅವರಿಗೆ ರಜೆ ಬೇಕೇ ಎಂದು ನೀನಾಗಿಯೇ ಕೇಳು. ಅವರು ಬೇಡ ಎಂದರೂ ಇನ್ನೊಂದು ಸಲ ಕೇಳು.

ಅಜ್ಜಿಯ ಕೊನೆಯ ವರ್ಷ ನಾವು ದ್ವಾರಕಾಗೆ ಬಂದಿದ್ದೆವು. ಎಂಬತ್ತು ದಾಟಿತ್ತು. ಕಣ್ಣು ಮಂಜಾಗಿ, ಕೆಲಸವೆಲ್ಲ ಬಿಟ್ಟು, ಚಳಿಗಾಲದ ಬಿಸಿಲಿಗೆ ಬಾಲ್ಕನಿಯಲ್ಲಿ ಕುಳಿತಿರುತ್ತಿದ್ದಳು. ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿ ಕುಳಿತು ಬಟಾಣಿ ಬಿಡಿಸುತ್ತಿದ್ದೆ. ಅವಳೂ ಕೈ ಚಾಚಿ ಒಂದು ಹಿಡಿ ತೆಗೆದುಕೊಂಡು ಬೆರಳಲ್ಲೇ ತಡವಿ ಬಿಡಿಸತೊಡಗಿದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎಷ್ಟೋ ವರ್ಷದಿಂದ ಬಾಯಿಗೆ ಬಂದು ಹಿಂದೆ ಹೋಗುತ್ತಿದ್ದ ಮಾತು ಅವತ್ತು ಹೊರಬಂತು.

"ಅಜ್ಜಿ, ಚಿಕ್ಕಜ್ಜಿ ಸಾಯೋಕೆ ಮುಂಚೆ ಬಂದ ಪತ್ರದಲ್ಲಿ ಎರಡು ಸಾಲು ನಾನು ಓದ್ಲಿಲ್ಲ. ಬೇಕಂತಲೇ ಓದ್ಲಿಲ್ಲ."

ಅವಳ ಬೆರಳು ನಿಲ್ಲಲಿಲ್ಲ.

"ಗೊತ್ತವ್ವಾ."

"ಹರಿಹರದಲ್ಲಿ ಶಾಂತಕ್ಕ ಅಂದಾಗ ಗೊತ್ತಾಯ್ತಾ?"

"ಓದಾವತ್ತೇ ಗೊತ್ತಾತು. ನಿನ್ನ ದನಿ ಬ್ಯಾರೆ ಆಗಿತ್ತು. ಸಣ್ಣಾಕಿದ್ದಾಗ ಸುಳ್ಳು ಹೇಳಾವಾಗ ಹಂಗೇ ಆಗ್ತಿತ್ತು."

"ಮತ್ತೆ ಯಾಕೆ ಸುಮ್ಮನಿದ್ದೆ ಅಜ್ಜಿ? ಜಗಳ ಮಾಡಬೇಕಿತ್ತು. ಎದ್ದು ಹೋಗಿಬಿಡಬೇಕಿತ್ತು."

ಅವಳು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು. ಸಿಟ್ಟಿರಲಿಲ್ಲ. ಮರೆತ ಮುಖವೂ ಅಲ್ಲ.

"ನನ್ನ ಗಿರಿಜಾ ನಂಗೆ ಸುಳ್ಳು ಹೇಳಬೇಕಂದ್ರೆ ಆಕಿಗೆ ಎಷ್ಟು ಕಷ್ಟ ಇರಬೇಕು ಅಂದ್ಕೊಂಡೆ. ನಾನು ಹೋಗಿಬಿಟ್ರೆ ಎಲ್ಲಿ ಮುರಿದು ಬೀಳ್ತಾಳೋ ಅಂತ ಹೆದರಿಕಿ ಆತು. ರುದ್ರಿಗಾದ್ರೆ ಶಾಂತಾ ಅದಾಳ, ನಿಂಗೆ ನನ್ನ ಬಿಟ್ರೆ ಯಾರಿದ್ರು? ಅದ್ಕೇ ಉಳ್ಕೊಂಡೆ."

ನನಗೆ ಅಂಥ ಕಷ್ಟ ಯಾವುದೂ ಇರಲಿಲ್ಲ. ಅದನ್ನು ಆಗಲೇ ಅವಳಿಗೆ ಹೇಳಬೇಕಿತ್ತು. ಅವಳು ಬಿಡಿಸಿದ ಕಾಳನ್ನು ತಡವಿ ತಡವಿ ನನ್ನ ಪಾತ್ರೆಗೆ ಹಾಕುತ್ತಿದ್ದಳು, ನಾನು "ಹೌದು ಅಜ್ಜಿ, ಆಗ ಬಹಳ ಕಷ್ಟ ಇತ್ತು" ಎಂದೆ.